ಕುಂಡದ ಗಿಡಕ್ಕೆ ತೋಟದ ಔಷಧಿ ಬೇಡ

ದ್ರಾಕ್ಷಿ ಬೆಳೆಯುವ ಊರುಗಳಲ್ಲಿ ಔಷಧಿಯ ಡಬ್ಬಿ ಪೂರ್ತಿ ಖಾಲಿಯಾಗುವುದು ಅಪರೂಪ. ಚಪ್ಪರಕ್ಕೆ ಹೊಡೆದ ಮೇಲೂ ತಳದಲ್ಲಿ ಎರಡು ಬೆರಳಷ್ಟು ಉಳಿದಿರುತ್ತದೆ, ಗಂಧಕದ ಚೀಲದ ಮೂಲೆಯಲ್ಲಿ ಒಂದು ಹಿಡಿ ಪುಡಿ ಇರುತ್ತದೆ. ದುಡ್ಡು ಕೊಟ್ಟು ತಂದದ್ದನ್ನು ಎಸೆಯಲು ಯಾರಿಗೂ ಮನಸ್ಸು ಬಾರದು. ಮನೆಯ ಜಗಲಿಯಲ್ಲೋ ಕಿಟಕಿಯ ಅಂಚಿನಲ್ಲೋ ಇಟ್ಟ ಜೇಡ್ ಗಿಡದ ದಪ್ಪ ಎಲೆಯ ಮೇಲೆ ಬಿಳಿ ಪುಡಿ ಕಂಡ ದಿನ ಕೈ ನೇರವಾಗಿ ಆ ಡಬ್ಬಿಗೇ ಹೋಗುತ್ತದೆ. ದ್ರಾಕ್ಷಿಗೂ ಬೂದಿ ರೋಗ, ಇದಕ್ಕೂ ಬೂದಿ ರೋಗ. ಅಲ್ಲಿ ಫಲಿಸಿದ ಮದ್ದು ಇಲ್ಲಿ ಫಲಿಸದೆ ಹೋದೀತೆ?

ಹಾಗೆ ಅನ್ನಿಸುವುದು ಸಹಜ. ಆದರೆ ಬೂದಿ ರೋಗ ಬಂದ ಜೇಡ್‌ನಂಥ ಸಕ್ಯುಲೆಂಟ್ ಗಿಡ ಆ ರೋಗದಿಂದಲೇ ಸಾಯುವುದು ಬಹಳ ಕಡಿಮೆ. ಎಲೆ ಅಂದಗೆಡುತ್ತದೆ, ಚಿಗುರು ಮುರುಟುತ್ತದೆ, ಹೂ ಸಣ್ಣದಾಗುತ್ತದೆ. ಗಿಡ ಸಾಯುವುದು ಹೆಚ್ಚಾಗಿ ಉಪಚಾರದಿಂದ: ಬಿಸಿಲಿನಲ್ಲಿ ಹೊಡೆದ ಎಣ್ಣೆಯಿಂದ, ಸುಡುವ ಗಂಧಕದಿಂದ, ದಿನವೂ ಎಲೆ ತೊಳೆದು ಬುಡ ಕೊಳೆಸುವುದರಿಂದ. ಅದಕ್ಕಿಂತ ದೊಡ್ಡ ಆತಂಕ ಮನೆಯವರ ಕುರಿತದ್ದು. ಬಯಲಿನಲ್ಲಿ ಗಾಳಿಗೆ ಬೆನ್ನು ಕೊಟ್ಟು ಹೊಡೆಯಬೇಕಾದ ವಸ್ತುವನ್ನು ಮಗು ಮಲಗುವ ಕೋಣೆಯ ಕಿಟಕಿಯಲ್ಲಿ ಹೊಡೆಯುತ್ತೇವೆ.

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯನ್ನು ಮುಂದಿಟ್ಟುಕೊಂಡು ಇದನ್ನು ಹೇಳುವುದಕ್ಕೆ ಕಾರಣವಿದೆ. ಬೂದಿ ರೋಗದೊಂದಿಗೆ ವರ್ಷವಿಡೀ ಬದುಕುವ ಜಾಗ ಅದು. ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿ ಬಿದ್ದಿದ್ದ ಈ ಸೀಮೆಗೆ ಹಸಿರು ತಂದದ್ದು 1895ರಲ್ಲಿ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟು. ಪಶ್ಚಿಮಕ್ಕೆ ಹರಿದು ಸಮುದ್ರ ಸೇರುತ್ತಿದ್ದ ನೀರನ್ನು ಎಂಜಿನಿಯರ್ ಜಾನ್ ಪೆನ್ನಿಕ್ವಿಕ್ ಬೆಟ್ಟ ಕೊರೆಸಿ ಪೂರ್ವಕ್ಕೆ ತಿರುಗಿಸಿದರು. ಆ ನೀರಿನ ಆಸರೆಯಲ್ಲಿ ಕಂಬಂ, ಗೂಡಲೂರು, ಸುರುಳಿಪಟ್ಟಿ, ಕಾಮಯಗೌಂಡನ್‌ಪಟ್ಟಿ, ಚಿನ್ನಮನೂರು ಸುತ್ತ ದ್ರಾಕ್ಷಿಯ ಚಪ್ಪರಗಳು ಹಬ್ಬಿವೆ. ಹೆಚ್ಚಿನ ತೋಟಗಳಲ್ಲಿರುವುದು ಪನ್ನೀರ್ ದ್ರಾಕ್ಷಿ. ತೋಟಗಾರಿಕೆಯ ಪುಸ್ತಕಗಳಲ್ಲಿ ಇದರ ಹೆಸರು ಮಸ್ಕಟ್ ಹ್ಯಾಂಬರ್ಗ್. 1832ರಲ್ಲಿ ಫ್ರೆಂಚ್ ಪಾದ್ರಿಯೊಬ್ಬರು ಇದನ್ನು ತಮಿಳುನಾಡಿಗೆ ತಂದರೆಂದು ಹೇಳುತ್ತಾರೆ. 2023ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು.

ವಿಜಯಪುರದ ದ್ರಾಕ್ಷಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ನಮ್ಮಲ್ಲಿ ಚಾಟ್ನಿಗೆ, ಅಂದರೆ ಕೊಂಬೆ ಕತ್ತರಿಸುವುದಕ್ಕೆ, ಏಪ್ರಿಲ್, ಅಕ್ಟೋಬರ್ ಎಂದು ಕಾಲ ನಿಗದಿಯಾಗಿದೆ, ಕೊಯ್ಲು ಬೇಸಿಗೆಯ ಹೊತ್ತಿಗೆ. ಕಂಬಂ ಕಣಿವೆಯಲ್ಲಿ ಒಂದು ತೋಟದಲ್ಲಿ ಕೊಯ್ಲು ನಡೆದಿರುವಾಗ ಪಕ್ಕದ ತೋಟದಲ್ಲಿ ಕೊಂಬೆ ಕತ್ತರಿಸುತ್ತಿರುತ್ತಾರೆ. ಹಾಗಾಗಿ ಮಾರುಕಟ್ಟೆಗೆ ವರ್ಷವಿಡೀ ಹಣ್ಣು, ರೋಗಕ್ಕೆ ವರ್ಷವಿಡೀ ಎಳೆ ಚಿಗುರು. ಚಪ್ಪರದ ಕೆಳಗೆ ನೆರಳು, ಘಟ್ಟದಿಂದ ಇಳಿಯುವ ತಂಪು, ರಾತ್ರಿಯ ತೇವ, ಹಗಲಿನ ಒಣಗಾಳಿ. ಬೂದಿ ರೋಗ ಕೇಳುವುದು ಇಷ್ಟನ್ನೇ.

ಕನ್ನಡಿಗರಿಗೆ ಈ ಕಣಿವೆ ತೀರ ಪರಸ್ಥಳವೂ ಅಲ್ಲ. ಕಂಬಂ ಸುತ್ತಿನ ಕಪ್ಪಿಲಿಯರು, ತೇನಿ, ದಿಂಡಿಗಲ್, ಮಧುರೆ ಕಡೆಯ ಅನುಪ್ಪರು ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದ ಬೇಸಾಯದ ಜನ. ಜನಾಂಗ ಅಧ್ಯಯನಕಾರ ಎಡ್ಗರ್ ಥರ್ಸ್ಟನ್ 1909ರಲ್ಲೇ ಇವರಿಬ್ಬರನ್ನೂ ಕನ್ನಡ ಮಾತಾಡುವ ರೈತರೆಂದು ದಾಖಲಿಸಿದ್ದಾರೆ.

ಮನೆಯ ಗಿಡ ಸಾಕುವವರು ಕಣಿವೆಯ ಆ ದ್ರಾಕ್ಷಿ ತೋಟಗಳಿಂದ ಕಲಿಯಬೇಕಾದ ಮೊದಲ ಪಾಠ ಔಷಧಿಯದ್ದಲ್ಲ. ಒಳ್ಳೆಯ ದ್ರಾಕ್ಷಿ ಬೆಳೆಗಾರ ಬೂದಿ ಕಂಡಾಗ ಮೊದಲು ಕತ್ತರಿ ಹಿಡಿಯುತ್ತಾನೆ. ಒತ್ತಾಗಿ ಬೆಳೆದ ಕೊಂಬೆ ತೆಗೆದು, ಗೊಂಚಲಿನ ಸುತ್ತಲಿನ ಎಲೆ ಕಿತ್ತು, ಚಪ್ಪರದ ಒಳಗೆ ಬೆಳಕು ಗಾಳಿ ಆಡುವಂತೆ ಮಾಡುತ್ತಾನೆ. ಸಿಂಪಡಣೆ ಬರುವುದು ಅದರ ನಂತರ. ನಾವು ತೋಟದಿಂದ ಡಬ್ಬಿಯನ್ನು ತಂದೆವು, ಕತ್ತರಿಯನ್ನು ಅಲ್ಲೇ ಬಿಟ್ಟುಬಂದೆವು.

ಇನ್ನು ರೋಗದ ವಿಚಾರ. ಬೂದಿಯಂತೆ ಕಾಣುವುದು ಜೀವಂತ ಶಿಲೀಂಧ್ರ. ಬೇರೆ ಹಲವು ಶಿಲೀಂಧ್ರಗಳ ಹಾಗೆ ಇದು ಎಲೆಯ ಒಳಹೊಕ್ಕು ಕೊಳೆಸುವುದಿಲ್ಲ. ಎಲೆಯ ಮೇಲ್ಮೈಯಲ್ಲೇ ಎಳೆ ಎಳೆಯಾಗಿ ಹಬ್ಬಿ, ಅಲ್ಲಲ್ಲಿ ಹೊರಪೊರೆಯ ಜೀವಕೋಶಕ್ಕೆ ಒಂದು ಸಣ್ಣ ಹೀರುಬೇರನ್ನು ಇಳಿಸಿ ಆಹಾರ ಎಳೆದುಕೊಳ್ಳುತ್ತದೆ. ಆ ಜೀವಕೋಶ ಸತ್ತರೆ ಇದಕ್ಕೂ ಉಪವಾಸ. ಆದ್ದರಿಂದ ಗಿಡವನ್ನು ಬೇಗ ಕೊಲ್ಲುವುದು ಇದಕ್ಕೆ ಲಾಭವಲ್ಲ. ಎಳೆಗಳಿಂದ ನೆಟ್ಟಗೆ ಎದ್ದ ಕಡ್ಡಿಗಳ ತುದಿಯಲ್ಲಿ ಬೀಜಕಣಗಳು ಸರಪಳಿಯಂತೆ ಸಾಲಾಗಿ ಹುಟ್ಟುತ್ತವೆ, ಒಣಗಾಳಿಗೆ ಕಳಚಿ ಹಾರುತ್ತವೆ. ಹವೆ ಒಗ್ಗಿದರೆ ಒಂದು ಕಣ ಬಿದ್ದ ವಾರದೊಳಗೆ ಹೊಸ ಕಣಗಳ ಸಾಲು ಸಿದ್ಧ.

ಎಲೆ ಒದ್ದೆಯಾದರೆ ಬೂದಿ ರೋಗ ಬರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ದ್ರಾಕ್ಷಿಯ ಡೌನಿ ರೋಗಕ್ಕೆ ಅದು ನಿಜ, ಅದಕ್ಕೆ ಎಲೆಯ ಮೇಲೆ ನೀರು ನಿಲ್ಲಲೇಬೇಕು. ಬೂದಿ ರೋಗದ ಕಣ ಮಾತ್ರ ತನ್ನೊಳಗೇ ನೀರು ಕಟ್ಟಿಕೊಂಡು ಹಾರುತ್ತದೆ. ಮೊಳೆಯಲು ಗಾಳಿಯ ತೇವ ಸಾಕು. ನಿಂತ ನೀರಿನಲ್ಲಿ ಅದು ಸರಿಯಾಗಿ ಮೊಳೆಯುವುದೂ ಇಲ್ಲ. ಸುಮಾರು 20ರಿಂದ 27 ಡಿಗ್ರಿ ಅದರ ಮೆಚ್ಚಿನ ಉಷ್ಣತೆ. 35 ದಾಟಿದರೆ ಕುಗ್ಗುತ್ತದೆ. ಎಲೆಯ ಮೇಲ್ಮೈಯಲ್ಲೇ ಇರುವುದರಿಂದ ಸೂರ್ಯನ ಅತಿನೇರಳೆ ಕಿರಣ ಅದಕ್ಕೆ ನೇರವಾಗಿ ತಟ್ಟುತ್ತದೆ, ಕಣಗಳು ಸಾಯುತ್ತವೆ. ಕಿಟಕಿಯ ಗಾಜು ಆ ಕಿರಣದ ಬಹುಪಾಲನ್ನು ತಡೆಯುತ್ತದೆ. ಗಾಜಿನ ಹಿಂದೆ ಎಷ್ಟೇ ಬೆಳಕಿದ್ದರೂ ಆ ಗಿಡಕ್ಕೆ ಬಯಲಿನ ಬಿಸಿಲಿನ ಕಾವಲು ಇಲ್ಲ. ಮನೆಯೊಳಗಿನ ಉಷ್ಣತೆ, ನಿಂತ ಗಾಳಿ, ಒತ್ತೊತ್ತಾಗಿ ಜೋಡಿಸಿದ ಕುಂಡಗಳು ಇವೆಲ್ಲ ಸೇರಿದಾಗ ರೋಗಕ್ಕೆ ಮನೆಯೇ ಹಿತವಾದ ಜಾಗ. ಅತಿನೇರಳೆ ದೀಪ ಕೊಂಡು ತರೋಣವೇ ಎಂದು ಯೋಚಿಸಬೇಡಿ; ಕಣ್ಣಿಗೂ ಚರ್ಮಕ್ಕೂ ಅದು ಅಪಾಯ.

ಇನ್ನೊಂದು ಭಯವನ್ನೂ ಇಲ್ಲೇ ಕಳೆಯಬಹುದು. ಪಕ್ಕದ ತೋಟದ ದ್ರಾಕ್ಷಿಯಿಂದ ಮನೆಯ ಜೇಡ್ ಗಿಡಕ್ಕೆ ರೋಗ ಹಾರಿ ಬರುತ್ತದೆಯೇ? ಇಲ್ಲ. ಕಣ್ಣಿಗೆ ಎಲ್ಲ ಬೂದಿಯೂ ಒಂದೇ, ಆದರೆ ಒಳಗೆ ಜಾತಿ ಬೇರೆ ಬೇರೆ. ದ್ರಾಕ್ಷಿಯದ್ದು ಎರಿಸೈಫೆ ನೆಕೇಟರ್, ಅದು ದ್ರಾಕ್ಷಿಯ ಬಳಗ ಬಿಟ್ಟು ಹೋಗದು. ಗುಲಾಬಿಯದ್ದು ಬೇರೆ, ಮಾವಿನ ಹೂವಿನದ್ದು ಇನ್ನೊಂದು. ಜೇಡ್, ಕಾಡುಬಸಳೆ, ಎಕೆವೇರಿಯಾ, ಸೀಡಂ ಇವೆಲ್ಲ ಒಂದೇ ಕುಟುಂಬಕ್ಕೆ ಸೇರಿದವು. ಎರಿಸೈಫೆ ಸೆಡಿ ಎಂಬ ಶಿಲೀಂಧ್ರ ಈ ಕುಟುಂಬಕ್ಕೇ ಅಂಟಿಕೊಂಡದ್ದು. ಮುಳ್ಳಿನ ಕಾಂಡದಲ್ಲಿ ಕೆಂಪು ಹೂ ಬಿಡುವ ಯೂಫೋರ್ಬಿಯಾಕ್ಕೆ ಅದರದೇ ಬೂದಿ. ಲೋಳೆಸರ, ಕತ್ತಾಳೆಗಳ ಮೇಲೆ ಈ ರೋಗ ಕಾಣುವುದು ವಿರಳ. ಒಂದು ಜೇಡ್‌ನಲ್ಲಿ ಬೂದಿ ಕಂಡರೆ ಚಿಂತೆ ಮಾಡಬೇಕಾದದ್ದು ಪಕ್ಕದಲ್ಲಿರುವ ಕಾಡುಬಸಳೆಯ ಬಗ್ಗೆ, ಬೇಲಿಯಾಚೆಯ ದ್ರಾಕ್ಷಿಯ ಬಗ್ಗೆ ಅಲ್ಲ.

ಮದ್ದಿಗೆ ಮೊದಲು ಇದು ಬೂದಿ ರೋಗವೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಸಕ್ಯುಲೆಂಟ್‌ಗಳ ವಿಷಯದಲ್ಲಿ ಅತಿ ಹೆಚ್ಚು ಎಡವಟ್ಟಾಗುವುದು ಇಲ್ಲಿಯೇ ಎಂದು ನನಗೆ ಅನ್ನಿಸುತ್ತದೆ. ಎಕೆವೇರಿಯಾ, ಸೀಡಂ, ಕೆಲವು ಕಲಾಂಕೋ ಜಾತಿಗಳ ಎಲೆಗೆ ಹುಟ್ಟಿನಿಂದಲೇ ನೀಲಿ ಬೂದು ಬಣ್ಣದ ಮೇಣದ ಪುಡಿ ಇರುತ್ತದೆ. ಉರಿಬಿಸಿಲನ್ನು ಹಿಂದಕ್ಕೆ ತಳ್ಳಲು, ನೀರು ಆರದಂತೆ ಕಾಪಾಡಲು ಗಿಡವೇ ಹೊದ್ದುಕೊಂಡ ಹೊದಿಕೆ ಅದು. ರೋಗವೆಂದು ಭಾವಿಸಿ ಅದನ್ನು ಒರೆಸಿದರೆ ಆ ಎಲೆಯಲ್ಲಿ ಮತ್ತೆ ಬೆಳೆಯುವುದಿಲ್ಲ; ಬೆರಳಿನ ಗುರುತು ಎಲೆ ಉದುರುವ ತನಕ ಉಳಿಯುತ್ತದೆ. ಮೇಣ ಎಲ್ಲ ಎಲೆಗಳಲ್ಲೂ ಒಂದೇ ಸಮನಾಗಿ, ತೆಳ್ಳಗೆ ಹರಡಿರುತ್ತದೆ. ರೋಗ ಹಾಗಲ್ಲ. ಒಂದೆರಡು ಎಲೆಯಲ್ಲಿ ದುಂಡನೆಯ ಮಚ್ಚೆಯಾಗಿ ಶುರುವಾಗಿ, ಅಂಚು ಹಿಗ್ಗುತ್ತಾ ಒಂದರೊಳಗೊಂದು ಬೆರೆಯುತ್ತದೆ. ಒರೆಸಿದರೆ ಹೋಗುತ್ತದೆ, ಕೆಲವೇ ದಿನಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಮೂಡುತ್ತದೆ. ಹಳೆಯ ಮಚ್ಚೆಯ ಕೆಳಗೆ ಎಲೆಯ ಚರ್ಮ ಕಂದಾಗಿ, ಒರಟಾಗಿ, ಬೆಂಡಿನಂತೆ ಗಟ್ಟಿಯಾಗಿರುತ್ತದೆ.

ಹಿಟ್ಟು ತಿಗಣೆಯೂ ಬಿಳಿ. ಆದರೆ ಅದು ಹತ್ತಿಯ ಸಣ್ಣ ಉಂಡೆಯ ಹಾಗೆ ಎಲೆ ಕಾಂಡಕ್ಕೆ ಸೇರುವ ಸಂದಿನಲ್ಲಿ ಅವಿತಿರುತ್ತದೆ, ಸುತ್ತ ಅಂಟು ಇರುತ್ತದೆ, ಇರುವೆಗಳು ಓಡಾಡುತ್ತವೆ. ಇನ್ನೊಂದು ನೀರಿನ ಸುಣ್ಣ. ನಮ್ಮ ಕೋಲಾರ, ಚಿತ್ರದುರ್ಗದ ಕೊಳವೆಬಾವಿಯ ಗಡಸು ನೀರು ಎಲೆಯ ಮೇಲೆ ಹನಿಯಾಗಿ ಒಣಗಿದರೆ ಬಿಳಿ ಉಂಗುರ ಬಿಡುತ್ತದೆ. ಅದು ಒಣಬಟ್ಟೆಗೆ ಬರುವುದಿಲ್ಲ, ಹಿಗ್ಗುವುದೂ ಇಲ್ಲ. ಮಚ್ಚೆಯ ಅಂಚಿಗೆ ಪೆನ್ನಿನಿಂದ ಒಂದು ಚುಕ್ಕೆ ಇಟ್ಟು ನಾಲ್ಕೈದು ದಿನ ಬಿಟ್ಟು ನೋಡಿ. ಚುಕ್ಕೆ ದಾಟಿ ಬಿಳುಪು ಬೆಳೆದಿದ್ದರೆ ಅದಕ್ಕೆ ಜೀವವಿದೆ.

ಬೂದಿ ರೋಗದ ಆಧುನಿಕ ಚರಿತ್ರೆ ಶುರುವಾದದ್ದೇ ಒಂದು ಗಾಜಿನ ಮನೆಯಲ್ಲಿ. 1845ರಲ್ಲಿ ಇಂಗ್ಲೆಂಡಿನ ಮಾರ್ಗೇಟ್ ಎಂಬ ಕಡಲೂರಿನಲ್ಲಿ ಎಡ್ವರ್ಡ್ ಟಕರ್ ಎಂಬ ತೋಟಗಾರ ತಾನು ನೋಡಿಕೊಳ್ಳುತ್ತಿದ್ದ ದ್ರಾಕ್ಷಿ ಬಳ್ಳಿಯಲ್ಲಿ ಹಿಂದೆಂದೂ ಕಾಣದ ಬಿಳಿ ಪುಡಿ ಕಂಡ. ಅಮೆರಿಕದಿಂದ ಬಂದಿದ್ದ ಆ ಶಿಲೀಂಧ್ರವನ್ನು 1847ರಲ್ಲಿ ಮೈಲ್ಸ್ ಬರ್ಕ್ಲಿ ಎಂಬ ಪಾದ್ರಿ-ವಿಜ್ಞಾನಿ ಟಕರನ ಹೆಸರಿನಲ್ಲೇ ಕರೆದರು. ಅಲ್ಲಿಂದ ಅದು ಇಂಗ್ಲಿಷ್ ಕಡಲ್ಗಾಲುವೆ ದಾಟಿ ಫ್ರಾನ್ಸಿಗೆ ಹೋಯಿತು. 1854ರ ಹೊತ್ತಿಗೆ ಆ ದೇಶದ ವೈನ್ ಉತ್ಪಾದನೆ ಸುಮಾರು 1.1 ಕೋಟಿ ಹೆಕ್ಟೊಲೀಟರಿಗೆ ಕುಸಿಯಿತು. ರೋಗ ಹಬ್ಬುವ ಮುಂಚೆ ಅದರ ನಾಲ್ಕರಷ್ಟು ಇತ್ತು. ದೇಶವನ್ನು ಉಳಿಸಿದ್ದು ಗಂಧಕ. ಪೀಚ್ ಮರದ ಬೂದಿಗೆ ಗಂಧಕ ಒಳ್ಳೆಯದೆಂದು ತೋಟಗಾರರು 1820ರ ದಶಕದಲ್ಲೇ ಬರೆದಿದ್ದರು. 1852ರಲ್ಲಿ ವರ್ಸೇಲ್ಸ್‌ನ ತೋಟಗಾರ ಗ್ರಿಸಾನ್ ಗಂಧಕವನ್ನೂ ಸುಣ್ಣವನ್ನೂ ಕುದಿಸಿ ದ್ರಾವಣ ಮಾಡಿದ. ಮುಂದೆ ಆಂರಿ ಮಾರೆಸ್ ಎಂಬಾತ ಒಣ ಗಂಧಕವನ್ನು ಬಳ್ಳಿಗೆ ತೂರುವ ಪದ್ಧತಿಯನ್ನು ಶಾಸ್ತ್ರೀಯವಾಗಿ ನಿಲ್ಲಿಸಿದ. ಇಂದು ಕಂಬಂನಲ್ಲೂ ವಿಜಯಪುರದಲ್ಲೂ ಅಂಗಡಿಯಿಂದ ತರುವ ನೀರಿನಲ್ಲಿ ಕದಡುವ ಗಂಧಕ ಅದೇ ವಂಶದ್ದು. ನೂರೆಪ್ಪತ್ತು ವರ್ಷ ದಾಟಿದರೂ ರೋಗ ಅದಕ್ಕೆ ಒಗ್ಗಿಕೊಂಡಿಲ್ಲ. ಅಷ್ಟು ನಂಬಿಕಸ್ಥ ಮದ್ದು ಬೇಸಾಯದಲ್ಲಿ ಹೆಚ್ಚಿಲ್ಲ.

ಹಾಗಿದ್ದರೆ ಕುಂಡದ ಗಿಡಕ್ಕೆ ಅದನ್ನೇ ಏಕೆ ಸುಮ್ಮನೆ ಹೊಡೆಯಬಾರದು? ಗಂಧಕ ಕೆಲಸ ಮಾಡುವುದು ಬಿಸಿಗೆ ಆವಿಯಾಗಿ ಶಿಲೀಂಧ್ರಕ್ಕೆ ತಟ್ಟುವುದರಿಂದ. 18 ಡಿಗ್ರಿಗಿಂತ ಕೆಳಗೆ ಅದು ಮಂದ, 32 ದಾಟಿದರೆ ಎಲೆಯನ್ನೇ ಸುಡಲು ತೊಡಗುತ್ತದೆ. ಕಣಿವೆಯ ಬೇಸಿಗೆಯ ಮಧ್ಯಾಹ್ನ ಆ ಗೆರೆ ದಾಟುವುದು ನಿತ್ಯದ ಮಾತು. ತಾರಸಿಯ ಕಾದ ಸಿಮೆಂಟಿನ ಮೇಲಿಟ್ಟ ಕುಂಡದ ಸುತ್ತ ಶಾಖ ಇನ್ನೂ ಹೆಚ್ಚು. ಕೊಡೈಕೆನಾಲ್‌ನ ತಂಪಿನಲ್ಲಿ ಹಿಡಿಸಿದ ಅದೇ ಪ್ರಮಾಣ ಅದೇ ದಿಂಡಿಗಲ್ ಜಿಲ್ಲೆಯ ಬಯಲಿನಲ್ಲಿ ಎಲೆ ಸುಟ್ಟೀತು. ಎಣ್ಣೆಯೊಂದಿಗೆ ಗಂಧಕ ಸೇರಿದರಂತೂ ಹಾನಿ ಖಚಿತ. ಬೇವಿನ ಎಣ್ಣೆ ಹೊಡೆದ ಗಿಡಕ್ಕೆ ಕನಿಷ್ಠ ಎರಡು ವಾರ ಗಂಧಕ ಮುಟ್ಟಿಸಬಾರದು, ಗಂಧಕ ಹೊಡೆದಿದ್ದರೆ ಅಷ್ಟೇ ದಿನ ಎಣ್ಣೆ ಮುಟ್ಟಿಸಬಾರದು. ಮೊದಲ ವಾರ ಒಂದು, ಗುಣ ಕಾಣಲಿಲ್ಲವೆಂದು ಎರಡನೇ ವಾರ ಇನ್ನೊಂದು ಎಂದು ಬದಲಿಸುವ ಅವಸರದಲ್ಲೇ ಎಷ್ಟೋ ಗಿಡಗಳು ಹೋಗುತ್ತವೆ.

ಬೇವಿನ ಎಣ್ಣೆಯ ಬಗ್ಗೆ ನಮಗೆ ಅಪಾರ ವಿಶ್ವಾಸ, ಅದು ಬೇವು ಎಂಬ ಕಾರಣಕ್ಕೇ. ತೆಳು ಎಲೆಯ ಗಿಡಗಳಿಗೆ ಅದು ಸಲ್ಲುತ್ತದೆ. ಆದರೆ ಎಣ್ಣೆ, ಸೋಪು ಎರಡೂ ಮೇಣವನ್ನು ಕರಗಿಸುತ್ತವೆ. ಮೇಣದ ಪುಡಿ ಇರುವ ಎಕೆವೇರಿಯಾಕ್ಕೆ ಎಣ್ಣೆ ಹೊಡೆದು ಬಿಸಿಲಿಗೆ ಇಟ್ಟರೆ ಸಂಜೆಯ ಹೊತ್ತಿಗೆ ಎಲೆ ಬೆಂದಂತೆ ಕಪ್ಪಾಗುತ್ತದೆ. ಜೇಡ್ ಮತ್ತು ಮುಳ್ಳಿನ ಯೂಫೋರ್ಬಿಯಾ ಎರಡೂ ಸೋಪಿನ ದ್ರಾವಣಕ್ಕೆ ಸೊರಗುವ ಗಿಡಗಳ ಪಟ್ಟಿಯಲ್ಲಿವೆ.

ಎಣ್ಣೆಯ ಪೊರೆ ಇವುಗಳಿಗೆ ಕೂಡಿಬರದಿರುವುದಕ್ಕೆ ಇನ್ನೊಂದು ಕಾರಣ ಇವು ಉಸಿರಾಡುವ ಬಗೆಯಲ್ಲಿದೆ. ಅದನ್ನು ಮೊದಲು ಗುರುತಿಸಿದವರಲ್ಲಿ ಒಬ್ಬರಿಗೆ ಬೆಂಗಳೂರಿನ ನಂಟಿದೆ. ಟಿಪ್ಪುವಿನ ನಂತರ ಕೆಲಕಾಲ ಅಲ್ಲಿನ ಲಾಲ್‌ಬಾಗ್ ತೋಟದ ಹೊಣೆ ಹೊತ್ತಿದ್ದವರು ಮದ್ರಾಸ್ ಸರ್ಕಾರದ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೈನ್. ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ಕಹಿ ಎಂದು ಅವರು ನಾಲಿಗೆಯಿಂದಲೇ ಕಂಡುಕೊಂಡು ಲಂಡನ್ನಿನ ಲಿನಿಯನ್ ಸೊಸೈಟಿಗೆ ಬರೆದರು. ಆ ಪತ್ರ 1815ರ ಸುಮಾರಿಗೆ ಅಚ್ಚಾಯಿತು. ಇಂಥ ಗಿಡಗಳು ಬಿಸಿಲಿನಲ್ಲಿ ಪತ್ರರಂಧ್ರ ಮುಚ್ಚಿಕೊಂಡು, ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದು ಆಮ್ಲವಾಗಿ ಕೂಡಿಡುತ್ತವೆ, ಹಗಲು ಅದನ್ನು ಬಳಸುತ್ತವೆ. ಆದ್ದರಿಂದಲೇ ಬೆಳಗಿನ ಹುಳಿ. ಸಂಜೆ ಹೊಡೆದ ಎಣ್ಣೆ ಇವು ಉಸಿರು ತೆರೆಯುವ ಹೊತ್ತಿಗೇ ರಂಧ್ರಗಳ ಮೇಲೆ ಕೂರುತ್ತದೆ. ಉಳಿದ ಗಿಡಗಳಿಗೆ ಸಂಜೆ ಹೊಡೆಯಿರಿ ಎನ್ನುವ ಸಲಹೆ ಇವುಗಳಿಗೆ ಹೊಂದುವುದಿಲ್ಲ. ಬೆಳಿಗ್ಗೆ, ನೆರಳಿನಲ್ಲಿ, ಮಧ್ಯಾಹ್ನದೊಳಗೆ ಒಣಗುವಂತೆ ಮಾಡುವುದು ಮೇಲು. ಎಲೆಗಳ ನಡುಬಟ್ಟಲಿನಲ್ಲಿ ರಾತ್ರಿಯಿಡೀ ನಿಂತ ನೀರು ಸುಳಿಯನ್ನು ಕೊಳೆಸುತ್ತದೆ ಎಂಬುದೂ ಬೆಳಗನ್ನು ಆರಿಸಿಕೊಳ್ಳಲು ಒಂದು ಕಾರಣ.

ಹೈನ್ ಎಲೆ ಜಗಿದದ್ದನ್ನು ಹೇಳಿದ್ದು ಇನ್ನೊಂದು ಮಾತಿಗೆ ಬರಲು. ಕಾಡುಬಸಳೆಯನ್ನು ನಮ್ಮ ಮನೆಗಳಲ್ಲಿ ಅಂದಕ್ಕೆ ಮಾತ್ರ ಬೆಳೆಸುವುದಿಲ್ಲ. ಮೂತ್ರಕೋಶದ ಕಲ್ಲಿಗೆ, ಗಾಯಕ್ಕೆ ಎಂದು ಎಲೆ ಕಿತ್ತು ತಿನ್ನುವವರು, ಅರೆದು ಹಚ್ಚುವವರು ಕರ್ನಾಟಕದಲ್ಲೂ ಇದ್ದಾರೆ, ತಮಿಳುನಾಡಿನಲ್ಲೂ ಇದ್ದಾರೆ. ಪಕ್ಕದ ಮನೆಯ ಅಜ್ಜಿ ಬಂದು ಎರಡೆಲೆ ಕೇಳಿ ಒಯ್ಯುತ್ತಾರೆ. ದ್ರಾಕ್ಷಿಗೆ ಹೊಡೆಯುವ ಹೆಕ್ಸಕೊನಜೋಲ್‌ನಂಥ ಔಷಧಿಗಳು ಎಲೆಯ ಒಳಗೆ ಇಳಿದು ಹರಡುವಂಥವು, ತೊಳೆದರೆ ಹೋಗುವುದಿಲ್ಲ. ದ್ರಾಕ್ಷಿಗಾದರೆ ಸಿಂಪಡಣೆಗೂ ಕೊಯ್ಲಿಗೂ ನಡುವೆ ಇಷ್ಟು ದಿನ ಕಾಯಬೇಕೆಂದು ಚೀಟಿಯಲ್ಲಿ ಬರೆದಿರುತ್ತದೆ. ಕಾಡುಬಸಳೆಗೆ ಅಂಥ ಲೆಕ್ಕವನ್ನು ಆ ಚೀಟಿ ಹೇಳುವುದಿಲ್ಲ. ಮಳೆ ಬಿಸಿಲು ತಾಗದ ಒಳಮನೆಯಲ್ಲಿ ಅದರ ಅಂಶ ಹೊಲಕ್ಕಿಂತ ಹೆಚ್ಚು ಕಾಲ ಉಳಿದೀತು. ತಿನ್ನುವ, ಹಚ್ಚುವ ಯಾವ ಗಿಡಕ್ಕೂ ಆ ಬಗೆಯ ಔಷಧಿ ಸಲ್ಲದು. ಈ ಮಾತಿನಲ್ಲಿ ನನಗೆ ರಾಜಿ ಇಲ್ಲ.

ಗಿಡಕ್ಕೂ ಆ ಔಷಧಿ ಹಿತವಲ್ಲ. ಮಾವಿನ ಮರದ ಬೆಳವಣಿಗೆ ತಡೆದು ಹೂ ಬಿಡಿಸಲು ಬಳಸುವ ಪ್ಯಾಕ್ಲೋಬ್ಯುಟ್ರಜೋಲ್ ಇದೇ ಬಳಗದ್ದು. ಪ್ರಮಾಣ ಹೆಚ್ಚಾದರೆ ಈ ಬಳಗದ ಔಷಧಿ ಚಿಗುರನ್ನು ಕುಗ್ಗಿಸಿ ಮುದ್ದೆ ಮಾಡುತ್ತದೆ. ಎಣ್ಣೆಯಂತೆ ಇರುವ ದ್ರಾವಣದ ಡಬ್ಬಿಗಳಲ್ಲಿ ಔಷಧಿಯನ್ನು ಕರಗಿಸಿಡುವ ರಾಸಾಯನಿಕಗಳೂ ಮೇಣವನ್ನು ಕಿತ್ತುಹಾಕುತ್ತವೆ. ಜೊತೆಗೆ ಡಬ್ಬಿಯ ಅಳತೆ ಇರುವುದು ಎಕರೆಗೆ. ಅರ್ಧ ಲೀಟರ್ ನೀರಿಗೆ ಎಷ್ಟು ಎಂದು ಮನೆಯಲ್ಲಿ ಅಂದಾಜು ಹಾಕುವಾಗ ಕೈ ಯಾವಾಗಲೂ ಹೆಚ್ಚಿನ ಕಡೆಗೇ ವಾಲುತ್ತದೆ. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣವನ್ನಾದರೂ ನೋಡಿ: ಕೆಂಪು ಅತ್ಯಂತ ವಿಷ, ಹಳದಿ ಅದರ ನಂತರ, ಆಮೇಲೆ ನೀಲಿ, ಕೊನೆಗೆ ಹಸಿರು. ಹಸಿರೆಂದರೆ ನಿರಪಾಯ ಎಂದರ್ಥವಲ್ಲ. ಇರುವುದರಲ್ಲಿ ವಿಷ ಕಡಿಮೆ ಎಂದಷ್ಟೇ.

ಹಾಗಾದರೆ ಬೂದಿ ಕಂಡ ದಿನ ಏನು ಮಾಡುವುದು? ಗಿಡವನ್ನು ಉಳಿದವುಗಳಿಂದ ಬೇರೆಯಿಡಿ. ಎತ್ತುವಾಗ ಅಲುಗಾಡಿಸಬೇಡಿ, ಫ್ಯಾನ್ ಆರಿಸಿ; ಅಲುಗಿದರೆ ಪುಡಿ ಹಾರಿ ಕಪಾಟಿನ ಮೇಲಿನ ಎಲ್ಲಕ್ಕೂ ಕೂರುತ್ತದೆ. ಹೆಚ್ಚು ಬಿಳುಪಾದ ಎಲೆಗಳನ್ನು ಮೃದುವಾಗಿ ಮುರಿದು ತೆಗೆದು ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ಬೀದಿಗೆ ಎಸೆಯಬೇಡಿ. ಕಾಡುಬಸಳೆಯ ಬಳಗದಲ್ಲಿ ಹೃದಯಕ್ಕೆ ಹಾನಿ ಮಾಡುವ ವಿಷಾಂಶವಿದೆ, ಆಸ್ಟ್ರೇಲಿಯಾದಲ್ಲಿ ಇದನ್ನು ಮೇದ ದನಗಳು ಸತ್ತಿವೆ. ಹಸು ಮೇಕೆಗಳು ಕಸದ ರಾಶಿಯಲ್ಲೇ ಮೇಯುವ ನಮ್ಮ ಬೀದಿಗಳಲ್ಲಿ ಇದು ಸಣ್ಣ ಮಾತಲ್ಲ. ಆ ಎಲೆಗಳನ್ನು ಜಗಿಯುವವರೂ ಇದನ್ನು ನೆನಪಿಡಬೇಕು. ಅಲ್ಲದೆ ಕಾಡುಬಸಳೆಯ ಎಲೆ ಬಿದ್ದಲ್ಲೇ ಅಂಚಿನಿಂದ ಮೊಳೆಯುತ್ತದೆ, ರೋಗವನ್ನೂ ಜೊತೆಗೇ ಎಬ್ಬಿಸುತ್ತದೆ.

ಉಳಿದ ಎಲೆಗಳಲ್ಲಿ ಮೇಣವಿಲ್ಲದವನ್ನು, ಅಂದರೆ ಜೇಡ್, ಹೂಬಿಡುವ ಕಲಾಂಕೋಗಳನ್ನು, ಒದ್ದೆ ಹತ್ತಿಯಿಂದ ಒರೆಸಬಹುದು. ಪ್ರತಿ ಎಲೆಗೂ ಹೊಸ ಹತ್ತಿ. ನಂತರ ಜಾಗ ಬದಲಿಸಿ: ಬೆಳಗಿನ ಬಿಸಿಲು ಗಾಜಿನ ಅಡ್ಡವಿಲ್ಲದೆ ಬೀಳುವ, ಗಾಳಿ ಹಾಯುವ ಕಡೆಗೆ. ನೆರಳಿನಲ್ಲಿ ಬೆಳೆದ ಗಿಡವನ್ನು ಒಮ್ಮೆಲೇ ಉರಿಬಿಸಿಲಿಗೆ ಇಟ್ಟರೆ ಸುಡುತ್ತದೆ. ಮೊದಲ ದಿನ ಒಂದು ತಾಸು, ದಿನಕ್ಕಿಷ್ಟು ಹೆಚ್ಚಿಸುತ್ತಾ ಒಂದೆರಡು ವಾರದಲ್ಲಿ ರೂಢಿಸಿ. ಕುಂಡ ಕುಂಡಗಳ ನಡುವೆ ಅಂಗೈ ಆಡುವಷ್ಟು ಜಾಗವಿರಲಿ. ಸಾರಜನಕದ ಗೊಬ್ಬರ ನಿಲ್ಲಿಸಿ, ಅದು ಎಬ್ಬಿಸುವ ಎಳಸು ಚಿಗುರೇ ರೋಗಕ್ಕೆ ಮೃಷ್ಟಾನ್ನ. ಸಣ್ಣ ಮಟ್ಟದ ರೋಗ ಎಷ್ಟೋ ಸಲ ಇಷ್ಟಕ್ಕೇ ಹಿಂದೆ ಸರಿಯುತ್ತದೆ, ಸಿಂಪಡಣೆಯ ಮಾತೇ ಬರುವುದಿಲ್ಲ.

ಬರಲೇಬೇಕಾದರೆ ಸೋಡಾ ಬಳಗದಿಂದ ಶುರುಮಾಡಬಹುದು. ಪೊಟ್ಯಾಷಿಯಂ ಬೈಕಾರ್ಬನೇಟ್ ಸಿಕ್ಕರೆ ಉತ್ತಮ. ಅದು ಶಿಲೀಂಧ್ರದ ಎಳೆಗಳನ್ನು ಒಣಗಿಸಿ ಮುದುಡಿಸುತ್ತದೆ, ಉಳಿಯುವ ಪೊಟ್ಯಾಷಿಯಂ ಗಿಡಕ್ಕೆ ಬೇಕಾದದ್ದೇ. ಅಡುಗೆ ಸೋಡಾ ಕೂಡ ಕೆಲಸ ಮಾಡುತ್ತದೆ, ಆದರೆ ಅದರ ಸೋಡಿಯಂ ಕುಂಡದ ಮಣ್ಣಿನಲ್ಲಿ ಶೇಖರವಾಗುತ್ತದೆ. ಮೊದಲೇ ಉಪ್ಪು ನೀರಿನ ಊರಾದರೆ ಇನ್ನೂ ಕಷ್ಟ. ಯಾವುದೇ ಆಗಲಿ, ಲೀಟರ್ ನೀರಿಗೆ ಅರ್ಧ ಟೀ ಚಮಚ ಮೀರದಿರಲಿ. ಮಣ್ಣಿನ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಒಂದೇ ಎಲೆಗೆ ಹೊಡೆದು ಎರಡು ಮೂರು ದಿನ ಕಾದು ನೋಡಿ, ಸುಡದಿದ್ದರೆ ಉಳಿದದ್ದಕ್ಕೆ. ವಾರಕ್ಕೊಮ್ಮೆ, ಮೂರು ಸಲ ಸಾಕು. ವಿನೆಗರ್ ಬೆರೆಸುವವರಿದ್ದಾರೆ, ಆದರೆ ಸೋಡಾ ಮತ್ತು ಹುಳಿ ಒಂದನ್ನೊಂದು ಕೊಂದುಕೊಳ್ಳುತ್ತವೆ, ಉಳಿಯುವುದು ನೊರೆ ಮಾತ್ರ.

ಹಾಲಿನ ಮದ್ದಿಗೆ ನಿಜವಾದ ಆಧಾರವಿದೆ. ಬ್ರೆಜಿಲ್‌ನ ವ್ಯಾಗ್ನರ್ ಬೆಟ್ಟಿಯೋಲ್ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹಸುವಿನ ಹಸಿ ಹಾಲನ್ನು ನೀರಿಗೆ ಬೆರೆಸಿ ಹೊಡೆದಾಗ ಜುಕಿನಿ ಗಿಡದ ಬೂದಿ ರೋಗ ಹತೋಟಿಗೆ ಬಂತು. ಆಮೇಲೆ ಆಸ್ಟ್ರೇಲಿಯಾದ ದ್ರಾಕ್ಷಿ ತೋಟಗಳಲ್ಲೂ ಹಾಲು, ಹಾಲೊಡಕಿನ ನೀರನ್ನು ಪರೀಕ್ಷಿಸಿದರು. ಆದರೆ ಹಾಲು ಚೆನ್ನಾಗಿ ಫಲಿಸುವುದು ಬಯಲಿನ ಬಿಸಿಲು ಬಿದ್ದಾಗ. ಕಿಟಕಿಯೊಳಗಿನ ಗಿಡಕ್ಕೆ ಹೊಡೆದರೆ ನಾತ, ಇರುವೆ, ಎಲೆಯ ಮೇಲೆ ಬೇರೆ ಬೂಷ್ಟು. ಹೊರಗೆ ಇಡಲು ಜಾಗವಿದ್ದವರು ಒಂಬತ್ತು ಪಾಲು ನೀರಿಗೆ ಒಂದು ಪಾಲು ಹಾಲು ಬೆರೆಸಿ ಪ್ರಯತ್ನಿಸಬಹುದು.

ಇಷ್ಟಕ್ಕೂ ಬಗ್ಗದಿದ್ದರೆ ಗಂಧಕಕ್ಕೆ ಅದರ ಸ್ಥಾನವಿದೆ: ಮೇಣವಿಲ್ಲದ ಗಿಡಕ್ಕೆ, ಮನೆಯ ಹೊರಗೆ, ತಂಪು ದಿನದ ಬೆಳಿಗ್ಗೆ, ಚೀಟಿಯಲ್ಲಿ ಹೇಳಿದ್ದಕ್ಕಿಂತ ಒಂದು ಕಾಳೂ ಹೆಚ್ಚಿಲ್ಲದಂತೆ. ಕೈಗವಸು, ಮೂಗು ಬಾಯಿಗೆ ಮುಸುಕು, ಕಣ್ಣಿಗೆ ಕನ್ನಡಕ ಬೇಕು. ಗಂಧಕದ ಪುಡಿ ಕಣ್ಣನ್ನೂ ಉಸಿರಿನ ಹಾದಿಯನ್ನೂ ಕೆರಳಿಸುತ್ತದೆ. ಅಸ್ತಮಾ ಇರುವವರು ಈ ಕೆಲಸ ಬೇರೆಯವರಿಗೆ ಬಿಡಲಿ. ಔಷಧಿ ಕಲಸಿದ ಚಮಚ ಅಡುಗೆಮನೆಗೆ ಮರಳಬಾರದು, ಉಳಿದ ನೀರು ತಂಪುಪಾನೀಯದ ಬಾಟಲಿಗೆ ಹೋಗಲೇಬಾರದು. ಇಂಥ ಬಾಟಲಿಯಿಂದ ಕುಡಿದ ಮಕ್ಕಳ ಸುದ್ದಿ ನಮ್ಮ ಪತ್ರಿಕೆಗಳಿಗೆ ಹೊಸದಲ್ಲ.

ಸಂಶಯವಿದ್ದರೆ ಒಂದು ಎಲೆಯನ್ನು ಕಾಗದದ ಲಕೋಟೆಯಲ್ಲಿಟ್ಟು ತಿಳಿದವರಿಗೆ ತೋರಿಸುವುದು ಒಳ್ಳೆಯದು. ಪ್ಲಾಸ್ಟಿಕ್ಕಿನಲ್ಲಿ ಬೆವರಿ ಕೊಳೆಯುತ್ತದೆ. ಕಂಬಂ ಕಣಿವೆಯವರಿಗೆ ಆನೈಮಲಯನ್‌ಪಟ್ಟಿಯಲ್ಲಿ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ದ್ರಾಕ್ಷಿ ಸಂಶೋಧನಾ ಕೇಂದ್ರವಿದೆ, ಪೆರಿಯಕುಲಂನಲ್ಲಿ ತೋಟಗಾರಿಕಾ ಕಾಲೇಜಿದೆ. ನಮ್ಮಲ್ಲಿ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ, ಬೆಂಗಳೂರಿನವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ.

ಹೊಸ ಗಿಡ ತರುವಾಗಲೇ ಅರ್ಧ ರೋಗ ತಡೆಯಬಹುದು. ಕೊಡೈಕೆನಾಲ್‌ಗೆ ಹೋದವರು ಮಂಜಿನ ಹವೆಯಲ್ಲಿ ಬೆಳೆದ ಸಕ್ಯುಲೆಂಟ್‌ಗಳನ್ನು ಡಬ್ಬದಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ಇಳಿಯುತ್ತಾರೆ. ಮುಚ್ಚಿದ ಡಬ್ಬದ ತೇವ, ಹಾದಿಯ ಸೆಕೆ, ಮನೆಯ ಕಪಾಟಿನ ಇಕ್ಕಟ್ಟು ಒಂದರ ಮೇಲೊಂದು ಬರುತ್ತವೆ. ಎಲೆಯ ಅಡಿಭಾಗ ತಿರುಗಿಸಿ ನೋಡಿ ಕೊಳ್ಳಿ, ಮನೆಗೆ ತಂದಮೇಲೆ ಎರಡು ಮೂರು ವಾರ ಬೇರೆಯೇ ಇಡಿ. ಗಿಡದ ಮೇಲೆ ಹಳದಿ ಬಣ್ಣದ ಸಣ್ಣ ಗುಲಗಂಜಿ ಹುಳು ಓಡಾಡುತ್ತಿದ್ದರೆ ಕೊಲ್ಲಬೇಡಿ. ಇಲ್ಲೀಸ್ ಎಂಬ ಕುಲದ ಆ ಹುಳು ಎಲೆಯನ್ನು ಮುಟ್ಟದೆ ಬೂದಿಯನ್ನೇ ಮೇಯುತ್ತದೆ. ಅದು ಇರುವ ತನಕ ಯಾವ ಸಿಂಪಡಣೆಯೂ ಬೇಡ.

ಉಪಚಾರವನ್ನು ಎಲ್ಲಿ ನಿಲ್ಲಿಸಬೇಕೆಂಬುದು ಬಹುಮಂದಿಗೆ ಗೊತ್ತಾಗುವುದಿಲ್ಲ. ಹಳೆಯ ಎಲೆಯ ಕಂದು ಕಲೆ ಗುಣವಾದ ಮೇಲೂ ಹೋಗುವುದಿಲ್ಲ; ಸತ್ತ ಚರ್ಮ ಮತ್ತೆ ಹಸಿರಾಗದು. ಕಲೆ ನೋಡಿ ರೋಗ ಇನ್ನೂ ಇದೆ ಎಂದು ತಿಂಗಳುಗಟ್ಟಲೆ ಹೊಡೆಯುವವರಿದ್ದಾರೆ. ನೋಡಬೇಕಾದದ್ದು ಸುಳಿಯನ್ನು. ಹೊಸದಾಗಿ ಬಂದ ಎರಡು ಸುತ್ತು ಎಲೆ ಪುಡಿಯಿಲ್ಲದೆ ಬಿಚ್ಚಿಕೊಂಡರೆ ಬಾಟಲಿ ತೊಳೆದಿಟ್ಟು, ಗಿಡವನ್ನು ಮತ್ತೆ ಉಳಿದ ಕುಂಡಗಳ ಸಾಲಿಗೆ ಸೇರಿಸಬಹುದು, ನಡುವೆ ಅಂಗೈಯಷ್ಟು ಜಾಗ ಬಿಟ್ಟು.